ದೇಹದೊಳಗಿನ ಒಲೆ: ಚಳಿಗಾಲದಲ್ಲಿ ಸಾಕುಪ್ರಾಣಿಗಳ ರಕ್ಷಣೆ

ಚಳಿಗಾಲ ಬಂತೆಂದರೆ ನಾವು ಕಂಬಳಿಯನ್ನು ಹುಡುಕುತ್ತೇವೆ. ಉಣ್ಣೆಯ ಅಂಗಿಯನ್ನು ತೊಡುತ್ತೇವೆ. ಬಿಸಿ ಕಾಫಿಯ ಲೋಟವನ್ನು ಎರಡು ಕೈಗಳಿಂದಲೂ ಹಿಡಿದುಕೊಳ್ಳುತ್ತೇವೆ. ನಮ್ಮ ಮನೆಯ ನಾಯಿಗೂ ಬೆಕ್ಕಿಗೂ ಹೀಗೆಯೇ ಚಳಿಯಾಗುವುದೆ? 'ಅವಕ್ಕೆ ಹುಟ್ಟಿನಿಂದಲೇ ತುಪ್ಪಳದ ಅಂಗಿಯಿದೆ, ಚಳಿಯ ಭಯವೇನು?' ಎಂದು ಅನೇಕರು ಹೇಳುವುದುಂಟು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ಅರಿಯದ ಕಾರಣದಿಂದಲೇ ಹಿಮ ಬೀಳುವ ನಾಡುಗಳಲ್ಲಿ ಪ್ರತಿ ವರ್ಷವೂ ಎಷ್ಟೋ ಸಾಕುಪ್ರಾಣಿಗಳು ನರಳುತ್ತವೆ, ಕೆಲವು ಪ್ರಾಣವನ್ನೂ ಕಳೆದುಕೊಳ್ಳುತ್ತವೆ.

ಕೆನಡಾದ ವಿನಿಪೆಗ್ ನಗರದಲ್ಲಿ ಜನವರಿಯ ರಾತ್ರಿಗಳಲ್ಲಿ ಉಷ್ಣತೆಯು ಸೊನ್ನೆಗಿಂತ ೨೦ ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿಯುವುದು ಸಾಮಾನ್ಯ. ಅಂತಹ ರಾತ್ರಿಯಲ್ಲಿ ಅಂಗಳದಲ್ಲಿ ಕಟ್ಟಿಹಾಕಿದ ನಾಯಿಯ ದೇಹದ ಉಷ್ಣತೆ ಎಷ್ಟು? ಬೇಸಿಗೆಯಲ್ಲಿ ಇದ್ದಷ್ಟೇ, ಅಂದರೆ ಸುಮಾರು ೩೮ರಿಂದ ೩೯ ಡಿಗ್ರಿ. ಒಳಗೂ ಹೊರಗೂ ೫೮ ಡಿಗ್ರಿಗಳ ಅಂತರ! ಈ ಅಂತರವನ್ನು ಕಾಪಾಡಿಕೊಂಡರೆ ಪ್ರಾಣಿ ಬದುಕುತ್ತದೆ. ಕಾಪಾಡಿಕೊಳ್ಳಲಾರದೆ ಹೋದರೆ ಸಾಯುತ್ತದೆ. ಅದು ಈ ಕೆಲಸವನ್ನು ಹೇಗೆ ಮಾಡುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ತಿಳಿದರೆ ನಾವು ಮಾಡಬೇಕಾದ ಸಹಾಯವೇನೆಂಬುದು ತಾನಾಗಿಯೇ ಹೊಳೆಯುತ್ತದೆ.

ಗಿನಿಹಂದಿ ಕರಗಿಸಿದ ಮಂಜುಗಡ್ಡೆ

೧೭೮೨–೮೩ರ ಚಳಿಗಾಲ. ಪ್ಯಾರಿಸ್ ನಗರದಲ್ಲಿ ಲವಾಸಿಯೆ ಮತ್ತು ಲಪ್ಲಾಸ್ ಎಂಬ ಇಬ್ಬರು ಮಹಾವಿಜ್ಞಾನಿಗಳು ಒಂದು ವಿಚಿತ್ರ ಪ್ರಯೋಗವನ್ನು ನಡೆಸಿದರು. ಗಿನಿಹಂದಿ ಎಂಬುದು ಹೆಸರಿಗೆ ಹಂದಿಯಾದರೂ ಇಲಿ ಅಳಿಲುಗಳ ಬಳಗಕ್ಕೆ ಸೇರಿದ ಪುಟ್ಟ ಸಾಧು ಪ್ರಾಣಿ. ಅಂತಹ ಒಂದು ಪ್ರಾಣಿಯನ್ನು ಅವರು ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಇರಿಸಿ, ಅದರ ಮೈಶಾಖದಿಂದ ಎಷ್ಟು ಮಂಜುಗಡ್ಡೆ ಕರಗುತ್ತದೆಂದು ಅಳೆದರು. ಹತ್ತು ಗಂಟೆಗಳಲ್ಲಿ ಹದಿಮೂರು ಔನ್ಸ್, ಅಂದರೆ ಸುಮಾರು ೪೦೦ ಗ್ರಾಂ ಮಂಜುಗಡ್ಡೆ ನೀರಾಗಿತ್ತು.

ಒಂದು ಗ್ರಾಂ ಮಂಜುಗಡ್ಡೆ ಕರಗಬೇಕಾದರೆ ೮೦ ಕ್ಯಾಲೊರಿ ಶಾಖ ಬೇಕು. ಈ ಲೆಕ್ಕದಲ್ಲಿ ಆ ಪುಟ್ಟ ಪ್ರಾಣಿ ೩೨,೦೦೦ ಕ್ಯಾಲೊರಿ, ಎಂದರೆ ೩೨ ಕಿಲೊಕ್ಯಾಲೊರಿ ಶಾಖವನ್ನು ಹೊರಸೂಸಿದಂತಾಯಿತು. ಪ್ರಾಣಿಯ ಉಸಿರಿನಲ್ಲಿ ಹೊರಬರುವ ಅನಿಲವನ್ನೂ ಇದ್ದಿಲು ಉರಿದಾಗ ಹೊರಬರುವ ಅನಿಲವನ್ನೂ ಹೋಲಿಸಿ ನೋಡಿ, ಉಸಿರಾಟವೆಂಬುದು ಬಹು ನಿಧಾನವಾದ ಒಂದು ಬಗೆಯ ದಹನವೇ ಎಂದು ಅವರು ತೀರ್ಮಾನಿಸಿದರು. ಪ್ರಾಣಿಯ ದೇಹದಲ್ಲಿ ಜ್ವಾಲೆಯಿಲ್ಲದ ಒಲೆಯೊಂದು ಹಗಲಿರುಳೂ ಉರಿಯುತ್ತಿದೆ. ಆಹಾರವೇ ಅದರ ಸೌದೆ.

ಆದುದರಿಂದ ಚಳಿಯ ಪ್ರಶ್ನೆ ಕೊನೆಗೆ ಆದಾಯ-ವೆಚ್ಚದ ಪ್ರಶ್ನೆಯೇ ಆಗುತ್ತದೆ. ಒಲೆಯಿಂದ ಬರುವ ಶಾಖ ಆದಾಯ. ಚರ್ಮದ ಮೂಲಕ, ಉಸಿರಿನ ಮೂಲಕ, ಪಾದಗಳ ಮೂಲಕ ಹೊರಗೆ ಹೋಗುವ ಶಾಖ ವೆಚ್ಚ. ಎರಡೂ ಸರಿದೂಗಿದರೆ ಸೊನ್ನೆಗಿಂತ ೪೦ ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಪ್ರಾಣಿ ಸುಖವಾಗಿರಬಲ್ಲದು. ಸರಿದೂಗದಿದ್ದರೆ ೧೫ ಡಿಗ್ರಿಯ ಹವೆಯಲ್ಲಿಯೂ ಅದು ಸಾಯಬಲ್ಲದು. ಹೊರಗಿನ ಉಷ್ಣತಾಮಾಪಕವನ್ನು ನೋಡಿದ ಮಾತ್ರಕ್ಕೆ ನಮ್ಮ ಪ್ರಾಣಿಯ ಚಳಿ ನಮಗೆ ತಿಳಿಯುವುದಿಲ್ಲ. ಅದರ ಲೆಕ್ಕದ ಪುಸ್ತಕವನ್ನೂ ನೋಡಬೇಕು.

ಚಿಕ್ಕ ದೇಹದ ದೊಡ್ಡ ಖರ್ಚು

ಬಚ್ಚಲುಮನೆಯ ಹಂಡೆಯಲ್ಲಿ ಕಾಯಿಸಿದ ನೀರು ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ. ಅದರಿಂದ ಒಂದು ಚೊಂಬು ನೀರನ್ನು ಮೊಗೆದು ಹೊರಗಿಟ್ಟರೆ ಸ್ವಲ್ಪ ಹೊತ್ತಿನಲ್ಲಿಯೇ ಆರಿಹೋಗುತ್ತದೆ. ನೀರು ಒಂದೇ, ಬಿಸಿಯೂ ಒಂದೇ. ಗಾತ್ರ ಮಾತ್ರ ಬೇರೆ. ಶಾಖವು ಸಂಗ್ರಹವಾಗಿರುವುದು ಒಳಗಿನ ಗಾತ್ರದಲ್ಲಿ. ಅದು ಸೋರಿಹೋಗುವುದು ಹೊರಗಿನ ಮೈಯಿಂದ. ಪ್ರತಿ ಬದಿಯೂ ಒಂದು ಅಂಗುಲವಿರುವ ಘನಾಕೃತಿಗೆ ಒಂದು ಘನ ಅಂಗುಲ ಗಾತ್ರವೂ ಆರು ಚದರ ಅಂಗುಲ ಮೈಯೂ ಇರುತ್ತವೆ. ಬದಿಯನ್ನು ಎರಡು ಅಂಗುಲ ಮಾಡಿದರೆ ಗಾತ್ರವು ಎಂಟು ಪಟ್ಟಾಗುತ್ತದೆ. ಮೈ ಮಾತ್ರ ನಾಲ್ಕು ಪಟ್ಟು. ಎಂದರೆ, ದೇಹ ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದಾಗ ಶಾಖ ಸೋರುವ ಮೈ ಹೆಚ್ಚು.

ಜರ್ಮನಿಯ ಮ್ಯಾಕ್ಸ್ ರುಬ್ನರ್ ಎಂಬ ಶರೀರವಿಜ್ಞಾನಿ ಇದನ್ನು ನಾಯಿಗಳಲ್ಲಿಯೇ ಅಳೆದು ೧೮೮೩ರಲ್ಲಿ ಪ್ರಕಟಿಸಿದನು. ಅವನ ದೊಡ್ಡ ನಾಯಿಯ ತೂಕ ಸುಮಾರು ೩೧ ಕಿಲೊಗ್ರಾಂ. ಅದು ತನ್ನ ತೂಕದ ಪ್ರತಿ ಕಿಲೊಗ್ರಾಮಿಗೆ ದಿನಕ್ಕೆ ಸುಮಾರು ೩೬ ಕಿಲೊಕ್ಯಾಲೊರಿ ಶಾಖವನ್ನು ಉತ್ಪಾದಿಸುತ್ತಿತ್ತು. ಅತಿ ಚಿಕ್ಕ ನಾಯಿಯ ತೂಕ ಕೇವಲ ೩ ಕಿಲೊಗ್ರಾಂ ಚಿಲ್ಲರೆ. ಅದು ಪ್ರತಿ ಕಿಲೊಗ್ರಾಮಿಗೆ ೮೮ ಕಿಲೊಕ್ಯಾಲೊರಿಯನ್ನು ಉತ್ಪಾದಿಸಬೇಕಾಗಿತ್ತು. ಸಣ್ಣ ನಾಯಿಯ ಒಲೆ ಎರಡೂವರೆ ಪಟ್ಟು ರಭಸದಿಂದ ಉರಿಯುತ್ತಿತ್ತು! ಹೀಗಿದ್ದರೂ ಮೈಯ ಪ್ರತಿ ಚದರ ಮೀಟರಿಗೆ ಲೆಕ್ಕ ಹಾಕಿದಾಗ ಎರಡೂ ನಾಯಿಗಳ ಶಾಖ ಬಹುಮಟ್ಟಿಗೆ ಸಮೀಪವಾಗಿತ್ತು.

ಇದರಿಂದ ನಾವು ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ. ಮಡಿಲಲ್ಲಿ ಕೂರುವಂತಹ ಪುಟ್ಟ ನಾಯಿ, ಬೆಕ್ಕು, ಮರಿಗಳು, ಗಿನಿಹಂದಿ, ಪಂಜರದ ಹಕ್ಕಿ ಇವುಗಳಿಗೆ ಚಳಿ ಬೇಗ ತಟ್ಟುತ್ತದೆ. ಸಾಮಾನ್ಯ ಸ್ಥಿತಿಯಲ್ಲಿಯೇ ಇವುಗಳ ಒಲೆ ರಭಸದಿಂದ ಉರಿಯುತ್ತಿರುತ್ತದೆ. ಇನ್ನಷ್ಟು ಉರಿಸಲು ಹೆಚ್ಚು ಅವಕಾಶವಿಲ್ಲ. ದೊಡ್ಡ ನಾಯಿ ಹೊರಗೆ ಒಂದು ಗಂಟೆ ಆಡಬಲ್ಲದೆಂಬುದನ್ನು ನೋಡಿ ಚಿಕ್ಕ ನಾಯಿಯನ್ನೂ ಅಷ್ಟೇ ಹೊತ್ತು ಹೊರಗೆ ಬಿಡುವುದು ತರವಲ್ಲ. ಮುದಿಪ್ರಾಣಿಗಳಲ್ಲಿಯೂ ಬಡಕಲಾದ ಹಾಗೂ ರೋಗಪೀಡಿತವಾದ ಪ್ರಾಣಿಗಳಲ್ಲಿಯೂ ಒಲೆಯೇ ಮಂದವಾಗಿರುತ್ತದೆ. ಅವಕ್ಕೂ ಇದೇ ಎಚ್ಚರಿಕೆ ಸಲ್ಲುತ್ತದೆ.

ತುಪ್ಪಳದ ಗುಟ್ಟು

ತುಪ್ಪಳವು ಪ್ರಾಣಿಗೆ ಶಾಖವನ್ನು ಕೊಡುವುದಿಲ್ಲ. ಇರುವ ಶಾಖವನ್ನು ಹಿಡಿದಿಡುತ್ತದೆ, ಅಷ್ಟೆ. ಅದೂ ಕೂದಲಿನ ಗುಣವಲ್ಲ, ಕೂದಲುಗಳ ನಡುವೆ ಸಿಕ್ಕಿಕೊಂಡ ಗಾಳಿಯ ಗುಣ. ನಿಶ್ಚಲವಾದ ಗಾಳಿಯು ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ಚಳಿನಾಡಿನ ನಾಯಿಗಳಲ್ಲಿ ಎರಡು ಪದರದ ತುಪ್ಪಳವಿರುತ್ತದೆ. ಒಳಗಿನ ಮೃದುವಾದ ದಟ್ಟ ಪದರ ಗಾಳಿಯನ್ನು ಹಿಡಿದಿಡುತ್ತದೆ. ಹೊರಗಿನ ಉದ್ದವಾದ ಒರಟು ಕೂದಲು ಹಿಮವನ್ನೂ ನೀರನ್ನೂ ಒಳಕ್ಕೆ ಬಿಡದೆ ತಡೆಯುತ್ತದೆ. ಚಳಿಯಾದಾಗ ಕೂದಲು ನಿಮಿರಿ ನಿಂತು ಈ ಗಾಳಿಯ ಪದರ ಇನ್ನಷ್ಟು ದಪ್ಪವಾಗುತ್ತದೆ. ನಮ್ಮ ಮೈ ನವಿರೇಳುವುದೂ ಇದರ ಪಳೆಯುಳಿಕೆಯೇ. ಆದರೆ ನಮ್ಮಲ್ಲಿ ನಿಲ್ಲಿಸಲು ತುಪ್ಪಳವೇ ಉಳಿದಿಲ್ಲ.

ಈ ಅಂಗಿಯ ಶಕ್ತಿ ಎಷ್ಟೆಂಬುದನ್ನು ನಾರ್ವೆ ಮೂಲದ ಪರ್ ಷೊಲಾಂಡರ್ ಮತ್ತು ಆತನ ಸಂಗಡಿಗರು ೧೯೫೦ರಲ್ಲಿ ಪ್ರಕಟಿಸಿದ ಪ್ರಸಿದ್ಧ ಸಂಶೋಧನೆಯಲ್ಲಿ ತೋರಿಸಿಕೊಟ್ಟರು. ಅಲಾಸ್ಕಾದ ಉತ್ತರ ತುದಿಯಾದ ಪಾಯಿಂಟ್ ಬ್ಯಾರೋದಲ್ಲಿ ಧ್ರುವಪ್ರದೇಶದ ಪ್ರಾಣಿಗಳನ್ನೂ ಪನಾಮದಲ್ಲಿ ಉಷ್ಣವಲಯದ ಪ್ರಾಣಿಗಳನ್ನೂ ಅವರು ಪರೀಕ್ಷಿಸಿದರು. ಉಷ್ಣವಲಯದ ಪ್ರಾಣಿಗಳು ಹೊರಗಿನ ಉಷ್ಣತೆ ೨೦–೩೦ ಡಿಗ್ರಿಗೆ ಇಳಿದೊಡನೆಯೇ ತಮ್ಮ ಒಲೆಯನ್ನು ಹೆಚ್ಚು ಉರಿಸಬೇಕಾಯಿತು. ಧ್ರುವದ ನರಿಗಾದರೋ, ಉಷ್ಣತೆ ಸೊನ್ನೆಗಿಂತ ಸುಮಾರು ೪೦ ಡಿಗ್ರಿ ಕೆಳಕ್ಕೆ ಇಳಿಯುವವರೆಗೂ ಅದರ ಅಗತ್ಯವೇ ಬೀಳಲಿಲ್ಲ! ಒಳಗಿನ ಒಲೆ ಎರಡು ಕಡೆಯ ಪ್ರಾಣಿಗಳಿಗೂ ಒಂದೇ ಬಗೆಯದು. ವ್ಯತ್ಯಾಸವೆಲ್ಲ ಮುಖ್ಯವಾಗಿ ಅಂಗಿಯಲ್ಲಿತ್ತು.

ಎಲ್ಲ ನಾಯಿಗಳಿಗೂ ಒಂದೇ ಅಂಗಿಯಿಲ್ಲ. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆಯು ನಾಲ್ಕು ದೇಶೀಯ ನಾಯಿತಳಿಗಳ ಚಿತ್ರವುಳ್ಳ ಅಂಚೆಚೀಟಿಗಳನ್ನು ಹೊರತಂದಿತು. ಅವುಗಳಲ್ಲಿ ನಮ್ಮ ಮುಧೋಳದ ಬೇಟೆನಾಯಿಯೂ ಹಿಮಾಲಯದ ಕುರಿನಾಯಿಯೂ ಇದ್ದವು. ಹಿಮಾಲಯದ ನಾಯಿಗೆ ಒತ್ತಾದ ದಪ್ಪ ತುಪ್ಪಳ. ಮುಧೋಳದ ನಾಯಿಗೆ ಮೈಗಂಟಿದ ಗಿಡ್ಡ ಕೂದಲು, ತೆಳುವಾದ ಚರ್ಮ, ಕೊಬ್ಬಿಲ್ಲದ ನೀಳ ದೇಹ. ಬಯಲುಸೀಮೆಯ ಬಿಸಿಲಿನಲ್ಲಿ ಮೊಲವನ್ನು ಅಟ್ಟಿಸಿಕೊಂಡು ಓಡುವ ಪ್ರಾಣಿಗೆ ಶಾಖವನ್ನು ಬೇಗ ಹೊರಹಾಕುವ ದೇಹವೇ ವರ. ಅದೇ ದೇಹ ಹಿಮದ ನಾಡಿನಲ್ಲಿ ಶಾಪ. ಇಂತಹ ತಳಿಗಳಿಗೆ ಚಳಿಯಲ್ಲಿ ಉಣ್ಣೆಯ ಹೊದಿಕೆಯನ್ನು ತೊಡಿಸುವುದು ಶ್ರೀಮಂತರ ಶೋಕಿಯಲ್ಲ. ಪ್ರಕೃತಿ ಕೊಡದ ಪದರವನ್ನು ನಾವು ಕೊಡುವುದು. ಹಾಗೆಯೇ ದಟ್ಟ ತುಪ್ಪಳದ ನಾಯಿಯ ಕೂದಲನ್ನು ಚಳಿಗಾಲದಲ್ಲಿ ನುಣ್ಣಗೆ ಕತ್ತರಿಸಬಾರದು, ಗಂಟುಗಟ್ಟದಂತೆ ಬಾಚಬೇಕು. ಗಂಟುಗಟ್ಟಿದ ಕೂದಲಿನಲ್ಲಿ ಗಾಳಿ ನಿಲ್ಲುವುದಿಲ್ಲ.

ಒದ್ದೆ ಮೈ, ಬೀಸುವ ಗಾಳಿ

ತುಪ್ಪಳದ ಗುಟ್ಟು ಗಾಳಿಯಲ್ಲಿದೆಯೆಂದ ಮೇಲೆ ಅದರ ಶತ್ರುಗಳು ಯಾರೆಂಬುದೂ ತಿಳಿದಂತಾಯಿತು. ಮೊದಲನೆಯದು ನೀರು. ನಿಶ್ಚಲ ಗಾಳಿಗಿಂತ ನೀರು ಇಪ್ಪತ್ತಕ್ಕೂ ಹೆಚ್ಚು ಪಟ್ಟು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಒದ್ದೆಯಾದ ತುಪ್ಪಳದಲ್ಲಿ ಗಾಳಿಯ ಜಾಗವನ್ನು ನೀರು ಆಕ್ರಮಿಸುತ್ತದೆ. ಅಂಗಿ ಇದ್ದೂ ಇಲ್ಲದಂತಾಗುತ್ತದೆ. ಮೇಲಾಗಿ, ಆ ನೀರು ಆರುವಾಗ ಪ್ರತಿ ಗ್ರಾಮಿಗೂ ಸುಮಾರು ೫೮೦ ಕ್ಯಾಲೊರಿ ಶಾಖವನ್ನು ಎಳೆದುಕೊಳ್ಳುತ್ತದೆ. ರುಬ್ನರನ ಪುಟ್ಟ ನಾಯಿಯ ಮೈಯಲ್ಲಿ ೧೦೦ ಗ್ರಾಂ ನೀರು ನಿಂತಿತೆನ್ನೋಣ. ಅದಷ್ಟೂ ಮೈಶಾಖದಿಂದಲೇ ಆರಬೇಕಾದರೆ ೫೮ ಕಿಲೊಕ್ಯಾಲೊರಿ ಬೇಕು. ಅಂದರೆ ಆ ನಾಯಿಯ ಇಡೀ ದಿನದ ಶಾಖದಲ್ಲಿ ಐದನೆಯ ಒಂದು ಭಾಗ! ಹೊರಗಿನಿಂದ ಒದ್ದೆಯಾಗಿ ಬಂದ ಪ್ರಾಣಿಯನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸುವ ಐದು ನಿಮಿಷದ ಕೆಲಸ ಎಷ್ಟು ದೊಡ್ಡ ಉಪಕಾರವೆಂಬುದನ್ನು ಈ ಲೆಕ್ಕ ಹೇಳುತ್ತದೆ.

ಎರಡನೆಯ ಶತ್ರು ಬೀಸುವ ಗಾಳಿ. ನಿಂತ ಗಾಳಿ ಮಿತ್ರ. ಚಲಿಸುವ ಗಾಳಿ ಕಳ್ಳ. ಕೂದಲುಗಳ ನಡುವೆ ಬೆಚ್ಚಗಾದ ಪದರವನ್ನು ಅದು ಕ್ಷಣಕ್ಷಣಕ್ಕೂ ಹೊತ್ತೊಯ್ದು ತಣ್ಣನೆಯ ಪದರವನ್ನು ತಂದಿಡುತ್ತದೆ. ಚಳಿ ಒಂದೇ ಇದ್ದರೂ ಗಾಳಿಯಿರುವ ದಿನ ಪ್ರಾಣಿಯ ಖರ್ಚು ಹೆಚ್ಚು. ಚಳಿ, ಮಳೆ, ಗಾಳಿ ಮೂರೂ ಕೂಡಿದ ದಿನವು ಒಣಹಿಮದ ದಿನಕ್ಕಿಂತ ಕ್ರೂರವಾಗಿರಬಲ್ಲದು.

ಹಿಮದ ಮೇಲಿನ ಪಾದ

ನಾಯಿಯ ಅಂಗಾಲಿನಲ್ಲಿ ತುಪ್ಪಳವಿಲ್ಲ. ಬರಿಗಾಲಿನಲ್ಲಿ ಅದು ಹಿಮದ ಮೇಲೆ ಹೇಗೆ ಓಡುತ್ತದೆ? ಜಪಾನಿನ ಹಿರೋಯೋಶಿ ನಿನೋಮಿಯಾ ಮತ್ತು ಸಂಗಡಿಗರು ನಾಯಿಯ ಅಂಗಾಲಿನ ರಕ್ತನಾಳಗಳ ಅಚ್ಚನ್ನು ತೆಗೆದು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ೨೦೧೧ರಲ್ಲಿ ಉತ್ತರವನ್ನು ಪ್ರಕಟಿಸಿದರು. ಪಾದಕ್ಕೆ ಬಿಸಿರಕ್ತವನ್ನು ತರುವ ಅಪಧಮನಿಗಳಿಗೆ ಅಂಟಿಕೊಂಡಂತೆಯೇ, ತಣ್ಣಗಾದ ರಕ್ತವನ್ನು ಹಿಂದಕ್ಕೆ ಒಯ್ಯುವ ಅಭಿಧಮನಿಗಳ ಜಾಲವಿದೆ. ಬರುವ ರಕ್ತ ತನ್ನ ಬಿಸಿಯನ್ನು ಹೋಗುವ ರಕ್ತಕ್ಕೆ ದಾಟಿಸುತ್ತದೆ. ಹೀಗಾಗಿ ಶಾಖವು ಪಾದದ ಬಾಗಿಲಿನಲ್ಲಿಯೇ ತಿರುಗಿ ದೇಹಕ್ಕೆ ಮರಳುತ್ತದೆ. ನೆಲಕ್ಕೆ ಸೋರಿಹೋಗುವುದು ಕಡಿಮೆಯಾಗುತ್ತದೆ. ಧ್ರುವದ ನರಿ ಮತ್ತು ತೋಳಗಳ ಪಾದವನ್ನು ಅತಿಶೀತಲ ದ್ರವದಲ್ಲಿ ಮುಳುಗಿಸಿ ನೋಡಿದಾಗಲೂ ಅಂಗಾಲಿನ ಅಂಗಾಂಶ ಹೆಪ್ಪುಗಟ್ಟದೆ, ಹೆಪ್ಪುಗಟ್ಟುವ ಅಂಚಿನಲ್ಲಿ, ಸುಮಾರು ಸೊನ್ನೆಗಿಂತ ೧ ಡಿಗ್ರಿ ಕೆಳಗೆ ನಿಲ್ಲುವುದು ೧೯೭೨ರಲ್ಲಿಯೇ ತಿಳಿದುಬಂದಿತ್ತು.

ಆದರೆ ಈ ಏರ್ಪಾಡು ಹಿಮಕ್ಕಾಗಿ ಆದುದು. ಮನುಷ್ಯನ ರಸ್ತೆಗಾಗಿ ಅಲ್ಲ. ಚಳಿನಾಡುಗಳಲ್ಲಿ ರಸ್ತೆಯ ಮೇಲಿನ ಮಂಜುಗಡ್ಡೆ ಕರಗಲೆಂದು ಉಪ್ಪನ್ನು ಚೆಲ್ಲುತ್ತಾರೆ. ಮಂಜುಗಡ್ಡೆಗೆ ಉಪ್ಪು ಬೆರೆಸಿದರೆ ಏನಾಗುತ್ತದೆಂಬುದನ್ನು ಹಳೆಯ ಕಾಲದ ಐಸ್‌ಕ್ರೀಮ್ ಡಬ್ಬಿಯನ್ನು ತಿರುವಿದವರು ಬಲ್ಲರು. ಗಡ್ಡೆ ಕರಗುತ್ತದೆ, ಆದರೆ ಮಿಶ್ರಣವು ಮಂಜುಗಡ್ಡೆಗಿಂತಲೂ ತಣ್ಣಗಾಗುತ್ತದೆ. ಅದು ಸೊನ್ನೆಗಿಂತ ೨೧ ಡಿಗ್ರಿ ಕೆಳಗಿನವರೆಗೂ ಇಳಿಯಬಲ್ಲದು. ಇಂತಹ ಉಪ್ಪಿನ ಕೆಸರು ಬೆರಳುಗಳ ಸಂದಿಯಲ್ಲಿ ಸಿಕ್ಕಿಕೊಂಡರೆ ಚರ್ಮ ಉರಿಯುತ್ತದೆ, ಬಿರಿಯುತ್ತದೆ. ನೋವು ತಾಳಲಾರದೆ ನಾಯಿ ಪಾದವನ್ನು ನೆಕ್ಕಿದರೆ ಉಪ್ಪು ಹೊಟ್ಟೆಗೂ ಹೋಗುತ್ತದೆ. ಆದುದರಿಂದ ತಿರುಗಾಟದಿಂದ ಹಿಂದಿರುಗಿದೊಡನೆ ಪಾದಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬೆರಳ ಸಂದಿಯ ಹಿಮದುಂಡೆಗಳನ್ನು ತೆಗೆದು, ಒಣಗಿಸಬೇಕು.

ಒಲೆ ಆರತೊಡಗಿದಾಗ

ಆದಾಯಕ್ಕಿಂತ ವೆಚ್ಚ ಹೆಚ್ಚಾದಾಗ ದೇಹವು ಮೊದಲು ನಡುಗುತ್ತದೆ. ನಡುಕವೆಂದರೆ ಸ್ನಾಯುಗಳು ಬೇರಾವ ಕೆಲಸವನ್ನೂ ಮಾಡದೆ ಕೇವಲ ಶಾಖಕ್ಕಾಗಿ ದುಡಿಯುವುದು. ಅದೇ ಹೊತ್ತಿಗೆ ಕಿವಿ, ಬಾಲ, ಪಾದಗಳಿಗೆ ಹೋಗುವ ರಕ್ತವನ್ನು ತಗ್ಗಿಸಿ, ಹೃದಯ ಮಿದುಳುಗಳಿರುವ ನಡುಭಾಗವನ್ನು ದೇಹವು ಕಾಪಾಡಿಕೊಳ್ಳುತ್ತದೆ. ಕಿವಿಯ ತುದಿಯೂ ಬಾಲದ ತುದಿಯೂ ಮೊದಲು ಹೆಪ್ಪುಗಟ್ಟುವುದಕ್ಕೆ ಕಾರಣವಿದೇ.

ನಡುಗುವ ಪ್ರಾಣಿಯನ್ನು ಕಂಡರೆ ಎಲ್ಲರೂ ಮರುಗುತ್ತಾರೆ. ಆದರೆ ಹೆಚ್ಚು ಭಯಪಡಬೇಕಾದುದು ನಡುಕ ನಿಂತಾಗ. ದೇಹದ ಉಷ್ಣತೆ ಸುಮಾರು ೩೨ ಡಿಗ್ರಿಗಿಂತ ಕೆಳಕ್ಕೆ ಇಳಿದಂತೆ ನಡುಕ ಕ್ಷೀಣಿಸಿ ನಿಂತುಹೋಗುತ್ತದೆ. ಪ್ರಾಣಿ ತೂಕಡಿಸುತ್ತದೆ, ತಡವರಿಸುತ್ತದೆ, ಕರೆದರೆ ಓಗೊಡುವುದಿಲ್ಲ. ಉಸಿರೂ ನಾಡಿಯೂ ನಿಧಾನವಾಗುತ್ತವೆ. 'ಪಾಪ, ಈಗ ನೆಮ್ಮದಿಯಾಗಿ ಮಲಗಿದೆ' ಎಂದು ಬಗೆಯುವ ಗಳಿಗೆಯೇ ಅದರ ಪ್ರಾಣಾಪಾಯದ ಗಳಿಗೆಯಾಗಿರಬಹುದು. ೨೮ ಡಿಗ್ರಿಗಿಂತ ಕೆಳಗೆ ಇಳಿದರೆ ಸ್ಥಿತಿ ಅತ್ಯಂತ ವಿಷಮ.

ಆಗ ಮಾಡಬೇಕಾದುದೇನು? ಪ್ರಾಣಿಯನ್ನು ಬೆಚ್ಚಗಿನ ಕೋಣೆಗೆ ತಂದು ಒರೆಸಿ ಒಣಗಿಸಬೇಕು, ಕಂಬಳಿಯಲ್ಲಿ ಸುತ್ತಬೇಕು. ಬಿಸಿನೀರಿನ ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ ಎದೆ ಹೊಟ್ಟೆಗಳ ಪಕ್ಕದಲ್ಲಿ ಇಡಬೇಕು. ಬರಿಯ ಸೀಸೆಯನ್ನು ಚರ್ಮಕ್ಕೆ ತಾಗಿಸಿದರೆ, ಸರಿಸಿಕೊಳ್ಳುವ ಶಕ್ತಿಯಿಲ್ಲದ ಪ್ರಾಣಿಗೆ ಬೊಬ್ಬೆ ಏಳುತ್ತದೆ. ಕಾಲುಗಳನ್ನು ಮೊದಲು ಕಾಯಿಸಬಾರದು; ಹಾಗೆ ಮಾಡಿದರೆ ಅಲ್ಲಿಯ ನಾಳಗಳು ಹಿಗ್ಗಿ, ತಣ್ಣನೆಯ ರಕ್ತ ಹೃದಯದ ಕಡೆಗೆ ನುಗ್ಗುತ್ತದೆ. ಹೆಪ್ಪುಗಟ್ಟಿದ ಕಿವಿಯನ್ನಾಗಲಿ ಪಾದವನ್ನಾಗಲಿ ಉಜ್ಜಬಾರದು. ಒಳಗಿನ ಹಿಮದ ಹರಳುಗಳು ಅಂಗಾಂಶವನ್ನು ಸೀಳುತ್ತವೆ. ಇಷ್ಟು ಮಾಡುತ್ತಲೇ ಪಶುವೈದ್ಯರ ಬಳಿಗೆ ಸಾಗಿಸಬೇಕು.

ಮನುಷ್ಯನು ತಂದ ಅಪಾಯಗಳು

ಚಳಿಯನ್ನು ಗೆಲ್ಲಲು ನಾವು ಹೂಡಿದ ಉಪಾಯಗಳೇ ಸಾಕುಪ್ರಾಣಿಗಳಿಗೆ ಮುಳುವಾಗುವುದುಂಟು. ಅವುಗಳಲ್ಲಿ ಘೋರವಾದುದು ಎಥಿಲೀನ್ ಗ್ಲೈಕಾಲ್. ಮೋಟಾರಿನ ರೇಡಿಯೇಟರಿನಲ್ಲಿರುವ ನೀರು ಹೆಪ್ಪುಗಟ್ಟದಿರಲೆಂದು ಬೆರೆಸುವ ದ್ರವದಲ್ಲಿ ಇದು ಮುಖ್ಯ ವಸ್ತು. ಇದರ ರುಚಿ ಸಿಹಿ. ನೆಲಕ್ಕೆ ಚೆಲ್ಲಿದರೆ ನಾಯಿ ನೆಕ್ಕುತ್ತದೆ. ಬೆಕ್ಕು ಅದರ ಮೇಲೆ ನಡೆದುಹೋಗಿ ತನ್ನ ಪಾದವನ್ನು ನೆಕ್ಕಿಕೊಳ್ಳುತ್ತದೆ. ಬೆಕ್ಕಿಗೆ ಕಿಲೊಗ್ರಾಂ ತೂಕಕ್ಕೆ ಒಂದೂವರೆ ಮಿಲಿಲೀಟರಿನಷ್ಟು ಸಾಕು, ಸಾವು ಸಂಭವಿಸಬಲ್ಲದು. ೪ ಕಿಲೊಗ್ರಾಂ ತೂಗುವ ಬೆಕ್ಕಿಗೆ ಅದು ಒಂದು ಚಹಾಚಮಚಕ್ಕಿಂತ ತುಸು ಹೆಚ್ಚು, ಅಷ್ಟೆ!

ವಿಚಿತ್ರವೇನೆಂದರೆ, ಈ ದ್ರವವು ಸ್ವತಃ ಅಷ್ಟು ದೊಡ್ಡ ವಿಷವಲ್ಲ. ಯಕೃತ್ತಿನಲ್ಲಿರುವ ಕಿಣ್ವವೊಂದು ಇದನ್ನು ಒಡೆಯುತ್ತದೆ. ಆಗ ಹುಟ್ಟುವ ಆಮ್ಲಗಳೇ ವಿಷ. ಕೊನೆಗೆ ಉಂಟಾಗುವ ಆಕ್ಸಾಲಿಕ್ ಆಮ್ಲವು ಕ್ಯಾಲ್ಸಿಯಮ್ಮಿನೊಡನೆ ಕೂಡಿ ಮೂತ್ರಪಿಂಡಗಳಲ್ಲಿ ಹರಳುಗಟ್ಟುತ್ತದೆ. ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತವೆ. ಮೊದಲ ಕೆಲವು ಗಂಟೆಗಳಲ್ಲಿ ಪ್ರಾಣಿ ಕುಡಿದಂತೆ ತೂರಾಡುತ್ತದೆ. ಬಳಿಕ ನಾಯಿಯಲ್ಲಿ ಕೆಲವು ಸಲ ಗುಣವಾದಂತೆ ತೋರುತ್ತದೆ. ಆದರೆ ಒಳಗೆ ಮೂತ್ರಪಿಂಡದ ನಾಶ ನಡೆಯುತ್ತಲೇ ಇರುತ್ತದೆ. ವೈದ್ಯರ ಬಳಿ ಇದಕ್ಕೆ ಫೋಮೆಪಿಜೋಲ್ ಎಂಬ ಮದ್ದಿದೆ. ಅದು ಆ ಕಿಣ್ವವನ್ನೇ ತಡೆದು, ವಿಷ ಹುಟ್ಟದಂತೆ ಮಾಡುತ್ತದೆ. ಹುಟ್ಟಿದ ವಿಷವನ್ನು ಮಾತ್ರ ಅದು ಹಿಂತೆಗೆಯಲಾರದು. ಆದುದರಿಂದಲೇ ಬೆಕ್ಕಿಗೆ ಮೊದಲ ಮೂರು ಗಂಟೆಗಳೊಳಗೆ ಚಿಕಿತ್ಸೆ ದೊರೆಯಬೇಕು. 'ನಾಳೆ ಬೆಳಗ್ಗೆ ನೋಡೋಣ' ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ.

೧೯೫೮ರಲ್ಲಿ ಸ್ಕಾಟ್ಲೆಂಡಿನಲ್ಲಿ ಅರಿವಳಿಕೆಯ ಮದ್ದುಗಳ ಸಂಶೋಧನೆ ನಡೆಯುತ್ತಿದ್ದಾಗ ಡಿನಾಟೋನಿಯಮ್ ಎಂಬ ಅತ್ಯಂತ ಕಹಿಯಾದ ವಸ್ತು ಆಕಸ್ಮಿಕವಾಗಿ ದೊರೆಯಿತು. ಈ ಸಿಹಿವಿಷಕ್ಕೆ ಕಹಿಯನ್ನು ಬೆರೆಸಬೇಕೆಂದು ಅಮೆರಿಕದ ಆರೆಗಾನ್ ರಾಜ್ಯ ೧೯೯೧ರಲ್ಲಿ ಶಾಸನ ಮಾಡಿತು. ೨೦೧೨ರ ಕೊನೆಗೆ ಆ ದೇಶದ ತಯಾರಕರು ಎಲ್ಲ ರಾಜ್ಯಗಳಲ್ಲಿಯೂ ಮಾರುವ ದ್ರವಕ್ಕೆ ತಾವಾಗಿಯೇ ಅದನ್ನು ಬೆರೆಸಲು ಒಪ್ಪಿದರು. ಕಹಿಯನ್ನೂ ಲೆಕ್ಕಿಸದೆ ಕುಡಿಯುವ ಪ್ರಾಣಿಗಳುಂಟು; ಆದುದರಿಂದ ಚೆಲ್ಲಿದುದನ್ನು ಕೂಡಲೆ ಒರೆಸುವುದೂ ಡಬ್ಬಿಯನ್ನು ಎತ್ತರದಲ್ಲಿಡುವುದೂ ತಪ್ಪಿದ್ದಲ್ಲ.

ಇನ್ನೊಂದು ಅಪಾಯ ಮೋಟಾರಿನ ಎಂಜಿನ್. ಈಗತಾನೆ ನಿಲ್ಲಿಸಿದ ಮೋಟಾರಿನ ಎಂಜಿನ್ನು ಬೆಚ್ಚಗಿರುತ್ತದೆ. ಚಳಿಗೆ ಹೆದರಿದ ಬೆಕ್ಕು ಕೆಳಗಿನಿಂದ ನುಸುಳಿ ಅಲ್ಲಿ ಮಲಗುತ್ತದೆ. ಬೆಳಗ್ಗೆ ಎಂಜಿನ್ ತಿರುಗಿದಾಗ ಏನಾಗುವುದೆಂದು ವಿವರಿಸಬೇಕಾಗಿಲ್ಲ. ಮುಚ್ಚಳದ ಮೇಲೆ ಎರಡು ಸಲ ಬಡಿದು, ಒಂದು ಗಳಿಗೆ ಕಾದು, ಅನಂತರ ಚಾಲನೆ ಮಾಡುವ ಅಭ್ಯಾಸಕ್ಕೆ ಕಾಸಿನ ಖರ್ಚಿಲ್ಲ.

ಗೂಡು, ಆಹಾರ, ನೀರು

ಹೊರಗೆ ಇರಲೇಬೇಕಾದ ನಾಯಿಗೆ ಗೂಡು ಹೇಗಿರಬೇಕು? ದೊಡ್ಡ ಗೂಡು ಒಳ್ಳೆಯದೆಂಬುದು ಸರಿಯಲ್ಲ. ನಾಯಿಯೇ ಗೂಡಿನ ಒಲೆ. ಅದು ಎದ್ದು ನಿಂತು ಸುತ್ತಿ ಮಲಗುವಷ್ಟು ಸ್ಥಳವಿದ್ದರೆ ಸಾಕು, ಅದಕ್ಕಿಂತ ಹೆಚ್ಚಾದ ಗಾಳಿಯನ್ನು ಬೆಚ್ಚಗಾಗಿಸಲು ಅದಕ್ಕೆ ಶಕ್ತಿ ಸಾಲದು. ನೆಲದಿಂದ ಕೆಲವು ಅಂಗುಲ ಎತ್ತರಿಸಿದ ಹಲಗೆಯ ತಳ, ಗಾಳಿ ಬೀಸುವ ದಿಕ್ಕಿಗೆ ಬೆನ್ನಾಗಿರುವ ಬಾಗಿಲು, ಒಳಗೆ ಧಾರಾಳವಾಗಿ ಒಣಹುಲ್ಲು, ಇವಿಷ್ಟೂ ಬೇಕು. ಹಳೆಯ ಬಟ್ಟೆಗಿಂತ ಹುಲ್ಲು ಮೇಲು. ಬಟ್ಟೆ ತೇವವನ್ನು ಹೀರಿ ಹೆಪ್ಪುಗಟ್ಟುತ್ತದೆ, ಟೊಳ್ಳಾದ ಹುಲ್ಲಿನ ಕಡ್ಡಿ ಗಾಳಿಯನ್ನು ಹಿಡಿದಿಡುತ್ತದೆ. ಗೂಡಿದ್ದರೂ ತೀವ್ರ ಚಳಿಯಲ್ಲಿ ಪ್ರಾಣಿಯ ಜಾಗ ಮನೆಯೊಳಗೆ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯವು ೨೦೧೭ರಲ್ಲಿ ಮಾಡಿದ ಶಾಸನದಂತೆ, ಉಷ್ಣತೆಯು ೦ ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿರುವಾಗ ನಾಯಿಯನ್ನು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಕಟ್ಟಿಹಾಕಕೂಡದು. ಓಡಾಡುವ ನಾಯಿಯ ಸ್ನಾಯುಗಳು ಶಾಖವನ್ನು ಕೊಡುತ್ತವೆ; ಕಟ್ಟಿದ ನಾಯಿಗೆ ಆ ಆದಾಯವೂ ಇಲ್ಲ, ಓಡಿಹೋಗಿ ಮರೆಗೆ ಸೇರುವ ದಾರಿಯೂ ಇಲ್ಲ.

ಹೊರಗೆ ದುಡಿಯುವ ನಾಯಿಗೆ ಚಳಿಗಾಲದಲ್ಲಿ ಸೌದೆ ಹೆಚ್ಚು ಬೇಕು. ಅಲಾಸ್ಕಾದ ದೂರದ ಪಂದ್ಯಗಳಲ್ಲಿ ಹಿಮಬಂಡಿಯನ್ನೆಳೆಯುವ ನಾಯಿ ದಿನಕ್ಕೆ ೧೦,೦೦೦ ಕಿಲೊಕ್ಯಾಲೊರಿಯಷ್ಟು ಆಹಾರವನ್ನು ಸುಡುತ್ತದೆ. ಅದರಲ್ಲಿ ಬಹುಭಾಗ ಕೊಬ್ಬು. ಆದರೆ ಬೆಚ್ಚಗಿನ ಕೋಣೆಯಲ್ಲಿ ಮಲಗಿರುವ ನಾಯಿಗೆ ಹೆಚ್ಚು ತಿನ್ನಿಸಿದರೆ ಬೊಜ್ಜು ಬೆಳೆಯುವುದಷ್ಟೆ.

ನೀರಿನ ವಿಷಯವನ್ನು ಮಾತ್ರ ಅನೇಕರು ಮರೆಯುತ್ತಾರೆ. 'ಸುತ್ತಲೂ ಹಿಮವಿದೆ, ಅದನ್ನೇ ತಿನ್ನಲಿ' ಎನ್ನುವುದು ಸುಲಭ. ಆದರೆ ಸೊನ್ನೆಗಿಂತ ೧೦ ಡಿಗ್ರಿ ಕೆಳಗಿರುವ ಒಂದು ಗ್ರಾಂ ಹಿಮವನ್ನು ಕರಗಿಸಿ ಮೈಯ ಉಷ್ಣತೆಗೆ ತರಲು ಸುಮಾರು ೧೨೪ ಕ್ಯಾಲೊರಿ ಬೇಕು. ೧೦ ಡಿಗ್ರಿಯ ತಣ್ಣೀರಿಗಾದರೆ ೨೯ ಸಾಕು. ಲವಾಸಿಯೆಯ ಗಿನಿಹಂದಿ ಹೊರಗಿನ ಮಂಜುಗಡ್ಡೆಯನ್ನು ಕರಗಿಸಿತು. ಹಿಮ ತಿನ್ನುವ ಪ್ರಾಣಿ ಹೊಟ್ಟೆಯೊಳಗೇ ಆ ಕೆಲಸವನ್ನು ಮಾಡಬೇಕು. ದಿನಕ್ಕೆ ಎರಡು ಮೂರು ಸಲ ಹೆಪ್ಪುಗಟ್ಟದ ನೀರನ್ನು ಇಡುವುದೇ ಸರಿಯಾದ ಮಾರ್ಗ. ಪಾತ್ರೆ ಲೋಹದ್ದಾಗಿದ್ದರೆ ಒದ್ದೆ ನಾಲಗೆ ಅದಕ್ಕೆ ಅಂಟಿಕೊಂಡೀತು.

ನಮ್ಮ ನಾಡಿನ ಚಳಿ

ಇದೆಲ್ಲ ಹಿಮದ ನಾಡಿನ ಮಾತಾಯಿತು. ಅಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೆ ಇದು ನೇರವಾಗಿಯೇ ಸಲ್ಲುತ್ತದೆ. ಕರ್ನಾಟಕದಲ್ಲಿ ಇದರ ಉಪಯೋಗವೇನು? ಬೆಂಗಳೂರಿನ ದಾಖಲೆಯಲ್ಲಿ ಅತ್ಯಂತ ಕಡಿಮೆ ಉಷ್ಣತೆ ೭.೮ ಡಿಗ್ರಿ; ಅದೂ ೧೮೮೪ರ ಜನವರಿಯಲ್ಲಿ. ಇಲ್ಲಿ ಹಿಮವಿಲ್ಲ, ಹೆಪ್ಪುಗಟ್ಟುವ ಕೊಳಗಳಿಲ್ಲ.

ಆದರೆ ನಮ್ಮ ಲೆಕ್ಕದ ಪುಸ್ತಕವನ್ನು ಮತ್ತೊಮ್ಮೆ ತೆರೆಯೋಣ. ನಮ್ಮ ಬೀದಿಗಳ ನಾಯಿಮರಿಗಳು ಹೆಚ್ಚಾಗಿ ಹುಟ್ಟುವುದು ಚಳಿಗಾಲದ ತಿಂಗಳುಗಳಲ್ಲಿಯೇ. ಹುಟ್ಟಿದ ಮೊದಲ ವಾರದಲ್ಲಿ ಮರಿಗೆ ನಡುಗಲು ಬಾರದು. ಅದರ ಮೈಯ ಉಷ್ಣತೆ ೩೫–೩೬ ಡಿಗ್ರಿಯಷ್ಟೇ ಇರುತ್ತದೆ. ಅದನ್ನು ಉಳಿಸಿಕೊಡುವುದು ತಾಯಿಯ ಒಡಲು ಮತ್ತು ಒಡಹುಟ್ಟಿದ ಮರಿಗಳ ಗುಂಪು. ಗಾತ್ರ ಅತಿ ಚಿಕ್ಕದು, ಅಂಗಿ ತೆಳುವಾದುದು, ಒಲೆ ಇನ್ನೂ ಹೊತ್ತಿಕೊಂಡಿಲ್ಲ. ಇಂತಹ ಮರಿ ಇಬ್ಬನಿಯಲ್ಲಿ ನೆನೆದು, ತಾಯಿಯಿಂದ ಬೇರೆಯಾಗಿ, ೧೫ ಡಿಗ್ರಿಯ ಹವೆಯಲ್ಲಿ ಸಿಮೆಂಟಿನ ನೆಲದ ಮೇಲೆ ಮಲಗಿದರೆ ಅದರ ಪಾಲಿಗೆ ಅದೇ ಧ್ರುವಪ್ರದೇಶ. ಧ್ರುವದ ನರಿಗೆ ಸೊನ್ನೆಗಿಂತ ೪೦ ಡಿಗ್ರಿ ಕೆಳಗೆ ಆಗದ ಚಳಿ ಈ ಮರಿಗೆ ನಮ್ಮ ಡಿಸೆಂಬರಿನ ರಾತ್ರಿಯಲ್ಲಿಯೇ ಆಗುತ್ತದೆ.

ಇದಕ್ಕೆ ಬೇಕಾದ ಸಹಾಯ ಅಲ್ಪ. ಒಂದು ರಟ್ಟಿನ ಪೆಟ್ಟಿಗೆ, ಒಂದು ಹಿಡಿ ಒಣಹುಲ್ಲು, ತಳಕ್ಕೆ ಒಂದು ಮಡಚಿದ ಗೋಣಿಚೀಲ, ಗಾಳಿಗೆ ಮರೆಯಾದ ಒಂದು ಮೂಲೆ ಇದ್ದರೆ ಸಾಕು. ಮರಿ ತಣ್ಣಗಾಗಿದ್ದರೆ ಮೊದಲು ಮೈಯನ್ನು ನಿಧಾನವಾಗಿ ಬೆಚ್ಚಗೆ ಮಾಡಬೇಕು, ಅನಂತರವೇ ಹಾಲು. ತಣ್ಣನೆಯ ಹೊಟ್ಟೆಯಲ್ಲಿ ಹಾಲು ಅರಗುವುದಿಲ್ಲ. ತಾಯಿ ಬಳಿಯಲ್ಲಿದ್ದರೆ ಮರಿಯನ್ನು ಅದರ ಮಗ್ಗುಲಿಗೆ ಸೇರಿಸುವುದಕ್ಕಿಂತ ಉತ್ತಮವಾದ ಉಪಾಯ ಬೇರೊಂದಿಲ್ಲ.

ಮನುಷ್ಯನು ಬೆಂಕಿಯನ್ನು ಪಳಗಿಸಿದ ಕಾಲದಿಂದಲೂ ನಾವು ನಮ್ಮ ಚಳಿಯನ್ನು ದೇಹದ ಹೊರಗೆ ಉರಿಯುವ ಒಲೆಗಳಿಂದ ಗೆಲ್ಲುತ್ತ ಬಂದಿದ್ದೇವೆ. ನಮ್ಮನ್ನು ನಂಬಿ ಮನೆಗೆ ಬಂದ ಪ್ರಾಣಿಗೆ ಇರುವುದು ಒಳಗಿನ ಒಲೆಯೊಂದೇ. ಅದಕ್ಕೆ ಸೌದೆ ಸಾಲುತ್ತಿದೆಯೆ, ಅದರ ಶಾಖ ಎಲ್ಲಿ ಸೋರುತ್ತಿದೆ ಎಂದು ಚಳಿಗಾಲದ ಸಂಜೆ ಬಾಗಿಲು ಮುಚ್ಚುವ ಮುನ್ನ ಒಮ್ಮೆ ಹೊರಗೆ ಹೋಗಿ ನೋಡುವುದು ನಮ್ಮ ಕೆಲಸ.